ಮಸಾಲೆ ಹುರಿಯುವ ಹದ: ಮನೆಯಲ್ಲಿ ಮೇಲೋಗರ ಮಾಡುವವರಿಗೊಂದು ಮಾರ್ಗದರ್ಶಿ

ಒಂದೇ ಪಾಕವಿಧಾನವನ್ನು ಎದುರಿಗಿಟ್ಟುಕೊಂಡು, ಅದೇ ಸಾಮಾನುಗಳನ್ನು ಅದೇ ಅಳತೆಯಲ್ಲಿ ಬಳಸಿ ಇಬ್ಬರು ಮೇಲೋಗರ ಮಾಡಿದರೂ ಒಬ್ಬರದು ಘಮಘಮಿಸುತ್ತದೆ, ಇನ್ನೊಬ್ಬರದರಲ್ಲಿ ಮಸಾಲೆಯ ಹಸಿ ವಾಸನೆ ಉಳಿದು, ಪುಡಿ ನಾಲಿಗೆಗೆ ತರಿತರಿಯಾಗಿ ತಗಲುತ್ತದೆ. ಎರಡನೆಯವರು ಸಾಮಾನ್ಯವಾಗಿ ಮಾಡುವ ಪರಿಹಾರವೆಂದರೆ ಮುಂದಿನ ಸಲ ಇನ್ನೊಂದು ಚಮಚ ಮಸಾಲೆ ಹೆಚ್ಚು ಹಾಕುವುದು. ಅದರಿಂದ ಹಸಿ ವಾಸನೆ ಹೆಚ್ಚುತ್ತದೆಯೇ ಹೊರತು ರುಚಿ ಹೆಚ್ಚುವುದಿಲ್ಲ. ಮೇಲೋಗರದ ರುಚಿಯಲ್ಲಿ ಬಹುಪಾಲು ತೀರ್ಮಾನವಾಗುವುದು ಬಾಣಲೆಗೆ ನೀರು ಸುರಿಯುವ ಮುಂಚಿನ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆಯಲ್ಲಿ ಏನು ನಡೆಯಬೇಕು, ಯಾವುದರ ನಂತರ ಯಾವುದು ಬಾಣಲೆಗೆ ಬೀಳಬೇಕು ಮತ್ತು ಹದ ಬಂದಿತೆಂದು ತಿಳಿಯುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲಿಗೆ ಕಾರಣವನ್ನು ಅರಿತುಕೊಂಡರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ಜೀರಿಗೆಯ ಪರಿಮಳಕ್ಕೆ ಕಾರಣವಾದ ಕ್ಯುಮಿನಾಲ್ಡಿಹೈಡ್, ಲವಂಗದ ಯೂಜಿನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್, ಅರಿಶಿನದ ಹಳದಿಯಾದ ಕರ್ಕ್ಯುಮಿನ್ ಇವೆಲ್ಲ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಬಿಸಿ ಎಣ್ಣೆ ಇವುಗಳನ್ನು ಕಾಳಿನೊಳಗಿನಿಂದ ಹೊರಗೆಳೆದು ಇಡೀ ಪಾತ್ರೆಗೆ ಹಂಚುತ್ತದೆ. ಎರಡನೆಯದಾಗಿ, ಸಾಧಾರಣ ಪಾತ್ರೆಯಲ್ಲಿ ನೀರು ಇರುವವರೆಗೂ ಅದರೊಳಗಿನ ಪದಾರ್ಥದ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹುರಿದ ಪದಾರ್ಥಕ್ಕೆ ಕಂದು ಬಣ್ಣವನ್ನೂ ಅದರ ವಿಶಿಷ್ಟ ರುಚಿಯನ್ನೂ ಕೊಡುವ ಮಯಾರ್ ಕ್ರಿಯೆ ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿಯಷ್ಟು ಬಿಸಿ ಬೇಕು. ಹಾಗಾಗಿ ಹುರಿಯುವುದೆಂದರೆ ಮೂಲತಃ ನೀರನ್ನು ಕಳೆಯುವ ಕೆಲಸ. ಈರುಳ್ಳಿಯಲ್ಲಿ, ಟೊಮೆಟೊದಲ್ಲಿ, ರುಬ್ಬಿದ ಮಸಾಲೆಯಲ್ಲಿ ಇರುವ ನೀರು ಆವಿಯಾಗಿ ಹೋಗುವವರೆಗೂ ನಾವು ಬೇಯಿಸುತ್ತಿರುತ್ತೇವೆ. ಅದು ಹೋದ ಮೇಲಷ್ಟೇ ಹುರಿಯತೊಡಗುತ್ತೇವೆ. ಒಲೆಯ ಮುಂದೆ ನಿಂತಾಗ ‘ಈಗ ಬಾಣಲೆಯಲ್ಲಿ ನೀರು ಇದೆಯೋ ಇಲ್ಲವೋ’ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದರೆ ಅರ್ಧ ಕೆಲಸ ಆದಂತೆ.

ಒಲೆ ಹಚ್ಚುವ ಮೊದಲು

ಎಣ್ಣೆ ಕಾದ ಮೇಲೆ ಜೀರಿಗೆಯ ಡಬ್ಬಿ ಹುಡುಕುವವರ ಸಾಸಿವೆ ಸೀದೇ ಹೋಗುತ್ತದೆ. ಇಡಿಯಾಗಿ ಹಾಕುವ ಮಸಾಲೆ ಒಂದು ತಟ್ಟೆಯಲ್ಲಿ, ಪುಡಿಗಳೆಲ್ಲ ಒಂದು ಬಟ್ಟಲಲ್ಲಿ, ಹೆಚ್ಚಿದ ಈರುಳ್ಳಿ, ಜಜ್ಜಿದ ಶುಂಠಿ–ಬೆಳ್ಳುಳ್ಳಿ, ಟೊಮೆಟೊ ಮತ್ತು ಒಂದು ಲೋಟ ಬಿಸಿನೀರು ಇವಿಷ್ಟೂ ಕೈಗೆಟಕುವಂತಿರಲಿ. ಪಾತ್ರೆ ದಪ್ಪ ತಳದ್ದಾಗಿರಬೇಕು. ತೆಳು ತಳದ ಪಾತ್ರೆಯಲ್ಲಿ ಉರಿ ತಗಲುವ ಜಾಗ ಸೀಯುತ್ತಿರುವಾಗಲೇ ಅಂಚಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಆಳಕ್ಕಿಂತ ಅಗಲ ಮುಖ್ಯ, ಏಕೆಂದರೆ ಆವಿ ಹೊರಹೋಗಲು ಜಾಗ ಬೇಕು. ಒದ್ದೆ ಸೌಟನ್ನಾಗಲಿ ಒದ್ದೆ ಕರಿಬೇವನ್ನಾಗಲಿ ಕಾದ ಎಣ್ಣೆಗೆ ತಗಲಿಸಬೇಡಿ. ಒಂದು ಹನಿ ನೀರು ಸಾಕು, ಎಣ್ಣೆ ಕೈಗೆ ಸಿಡಿಯುತ್ತದೆ.

ನಾಲ್ಕು ಜನರಿಗಾಗುವ ಮೇಲೋಗರಕ್ಕೆ ಮೂರು ದೊಡ್ಡ ಚಮಚ ಎಣ್ಣೆ ಹೆಚ್ಚೇನಲ್ಲ. ಎಣ್ಣೆ ಕಡಿಮೆ ಬಳಸಬೇಕೆನ್ನುವವರ ಬಗ್ಗೆ ನನಗೆ ಗೌರವವಿದೆ. ಆದರೆ ಒಣ ತಳದ ಮೇಲೆ ಮಸಾಲೆ ಹುರಿಯಲು ಹೋದರೆ ಅದು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿರುತ್ತದೆ. ಹುರಿಯುವಾಗ ಸಾಕಷ್ಟು ಎಣ್ಣೆ ಹಾಕಿ, ಅಡುಗೆ ಮುಗಿದ ಮೇಲೆ ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದುಬಿಡುವುದು ಇದಕ್ಕಿಂತ ಒಳ್ಳೆಯ ದಾರಿ. ತುಪ್ಪ ಹೆಚ್ಚು ಬಿಸಿಯನ್ನು ತಡೆದುಕೊಳ್ಳುತ್ತದೆ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಸೀಯುವುದರಿಂದ ಅದೊಂದನ್ನೇ ನೆಚ್ಚಿ ಮಸಾಲೆ ಹುರಿಯಬಾರದು.

ಮೊದಲ ಹೆಜ್ಜೆ: ಇಡಿ ಮಸಾಲೆ

ಇಡಿ ಮಸಾಲೆಯಲ್ಲಿ ಎರಡು ಬಗೆಯವಿವೆ, ಎರಡಕ್ಕೂ ಬೇಕಾದ ಬಿಸಿ ಬೇರೆ. ಈ ಭೇದವನ್ನು ಅನೇಕ ಪಾಕವಿಧಾನಗಳು ಹೇಳುವುದೇ ಇಲ್ಲ.

ಚಕ್ಕೆ, ಲವಂಗ, ಏಲಕ್ಕಿ, ಪಲಾವ್ ಎಲೆ ಇವು ದಪ್ಪಗಿನ, ಗಟ್ಟಿಯಾದ ಪದಾರ್ಥಗಳು. ಇವುಗಳ ಸತ್ವ ಹೊರಬರಲು ಸಮಯ ಬೇಕೇ ಹೊರತು ದೊಡ್ಡ ಉರಿ ಬೇಡ. ಎಣ್ಣೆ ಸಾಧಾರಣ ಬಿಸಿಯಾದಾಗಲೇ ಇವನ್ನು ಹಾಕಿ, ಸಣ್ಣ ಉರಿಯಲ್ಲಿ ಒಂದು ನಿಮಿಷದಷ್ಟು ಬಿಡಬೇಕು. ಏಲಕ್ಕಿ ಉಬ್ಬಿ, ಲವಂಗ ಸ್ವಲ್ಪ ದಪ್ಪಗಾಗಿ, ಬಾಣಲೆಯಿಂದ ಒಂದು ಹಿತವಾದ ಪರಿಮಳ ಏಳುವುದೇ ಹದ. ಏಲಕ್ಕಿಯನ್ನು ತುಸು ಬಿರುಕು ಬಿಡುವಂತೆ ಮೊದಲೇ ಜಜ್ಜಿಕೊಂಡಿರಬೇಕು. ಇಡಿಯಾಗಿ ಹಾಕಿದರೆ ಒಳಗಿನ ಆವಿಗೆ ಒಮ್ಮೊಮ್ಮೆ ಒಡೆದು ಸಿಡಿಯುತ್ತದೆ.

ಸಾಸಿವೆ, ಜೀರಿಗೆ, ಮೆಂತ್ಯ ಮುಂತಾದ ಸಣ್ಣ ಕಾಳುಗಳಿಗೆ ಇದಕ್ಕಿಂತ ಹೆಚ್ಚು ಬಿಸಿ ಬೇಕು. ಎಣ್ಣೆ ಕಾದಿದೆಯೇ ಎಂದು ನೋಡಲು ಒಂದೇ ಒಂದು ಸಾಸಿವೆ ಕಾಳನ್ನು ಹಾಕಿ. ಸುಮ್ಮನೆ ತಳದಲ್ಲಿ ಕುಳಿತರೆ ಇನ್ನೂ ಕಾಯಬೇಕು. ಕೆಲವೇ ಕ್ಷಣಗಳಲ್ಲಿ ಸಿಡಿದರೆ ಉಳಿದದ್ದನ್ನು ಹಾಕಬಹುದು. ಬಿದ್ದೊಡನೆ ಕಪ್ಪಾದರೆ ಒಲೆ ಆರಿಸಿ ಎಣ್ಣೆ ತಣಿಯಲು ಬಿಡಬೇಕು. ಸಾಸಿವೆ ಸಿಡಿಯುವುದು ಅದರೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಒಡೆಯುವುದರಿಂದ. ಸಿಡಿಯದ ಸಾಸಿವೆ ಕಹಿಯಾಗಿರುತ್ತದೆ, ಸಿಡಿದದ್ದಕ್ಕೆ ಹುರಿದ ಕಾಳಿನ ಹಿತವಾದ ರುಚಿ ಬರುತ್ತದೆ. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದಾಗ ಮೂಗಿಗೇರುವ ಘಾಟು ಹುಟ್ಟುವುದು ಅದರೊಳಗಿನ ಒಂದು ಕಿಣ್ವದಿಂದ. ಬಿಸಿ ಎಣ್ಣೆ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ಒಗ್ಗರಣೆಯ ಸಾಸಿವೆಯಲ್ಲಿ ಆ ಘಾಟು ಇರುವುದಿಲ್ಲ.

ಸಾಸಿವೆ ಮತ್ತು ಜೀರಿಗೆಯನ್ನು ಒಟ್ಟಿಗೆ ಹಾಕುವ ಅಭ್ಯಾಸ ಬಹಳ ಮಂದಿಗಿದೆ. ಸಾಸಿವೆ ಸಿಡಿಯುವಷ್ಟರಲ್ಲಿ ಜೀರಿಗೆ ಕಪ್ಪಾಗಿರುತ್ತದೆ. ಸಾಸಿವೆಯ ಚಟಪಟ ಸದ್ದು ಇಳಿಯತೊಡಗಿದಾಗ ಉರಿ ತಗ್ಗಿಸಿ ಜೀರಿಗೆ ಹಾಕಿ. ಕಾಳುಗಳ ಸುತ್ತ ನೊರೆಯೆದ್ದು, ಬಣ್ಣ ಒಂದು ಛಾಯೆಯಷ್ಟು ಗಾಢವಾಗಲು ಹದಿನೈದು ಸೆಕೆಂಡು ಸಾಕು. ಮೆಂತ್ಯ ಹಾಕುವುದಾದರೆ ಕಾಲು ಚಮಚ ಮೀರಬಾರದು, ಅದು ನಸುಗೆಂಪಾಗುತ್ತಿದ್ದಂತೆ ಮುಂದಿನ ಪದಾರ್ಥ ಬಾಣಲೆಗೆ ಬೀಳಬೇಕು. ನಾನು ಅಡುಗೆ ಕಲಿಯುವ ಕಾಲದಲ್ಲಿ ಕಡುಗೆಂಪಾದ ಮೆಂತ್ಯವನ್ನು ‘ಪರವಾಗಿಲ್ಲ’ ಎಂದು ಬಿಟ್ಟು, ಆಮೇಲೆ ಬೆಲ್ಲ, ಹುಣಸೆಹುಳಿ, ಉಪ್ಪು ಎಲ್ಲವನ್ನೂ ಸುರಿದರೂ ಆ ಕಹಿಯನ್ನು ಮುಚ್ಚಲಾಗದೆ ಇಡೀ ಪಾತ್ರೆಯನ್ನು ಚೆಲ್ಲಬೇಕಾಯಿತು.

ಒಣಮೆಣಸಿನಕಾಯಿ, ಕರಿಬೇವು, ಇಂಗು ಈ ಸರಣಿಯಲ್ಲಿ ಕೊನೆಯವು. ಹಸಿ ಇಂಗಿನ ಗಂಧಕದ ತೀಕ್ಷ್ಣ ವಾಸನೆ ಬಿಸಿ ಎಣ್ಣೆಯಲ್ಲಿ ಮೆತ್ತಗಾಗಿ, ಬೆಂದ ಈರುಳ್ಳಿ–ಬೆಳ್ಳುಳ್ಳಿಯನ್ನು ನೆನಪಿಸುವ ಪರಿಮಳವಾಗುತ್ತದೆ. ಅದಕ್ಕೆ ನಾಲ್ಕೈದು ಸೆಕೆಂಡು ಸಾಕು.

ಎರಡನೆಯ ಹೆಜ್ಜೆ: ಈರುಳ್ಳಿ, ಎಲ್ಲಕ್ಕಿಂತ ನಿಧಾನವಾಗಿ

‘ಈರುಳ್ಳಿಯನ್ನು ಐದು ನಿಮಿಷ ಕೆಂಪಗೆ ಹುರಿಯಿರಿ’ ಎಂದು ಬರೆದಿರುವ ಪಾಕವಿಧಾನವನ್ನು ನಂಬಬೇಡಿ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ನೀರು, ಒಂದು ಪಾಲಷ್ಟೇ ಉಳಿದದ್ದು. ಮೂರು ಸಾಧಾರಣ ಗಾತ್ರದ ಈರುಳ್ಳಿಯನ್ನು ಹೆಚ್ಚಿ ಹಾಕಿದರೆ ಐದು ನಿಮಿಷಕ್ಕೆ ಅದು ಮೆತ್ತಗಾಗಿ ಪಾರದರ್ಶಕವಾಗುತ್ತದೆ. ಹತ್ತು–ಹನ್ನೆರಡು ನಿಮಿಷಕ್ಕೆ ಅಂಚುಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಸಮನಾದ ಕಂದು ಬಣ್ಣ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಆ ಸಮಯವನ್ನು ಉರಿ ಹೆಚ್ಚಿಸಿ ಉಳಿಸಹೋದರೆ ಹೊರಗೆ ಸೀದು ಒಳಗೆ ಹಸಿಯಾದ ಈರುಳ್ಳಿ ಸಿಗುತ್ತದೆ.

ಎಲ್ಲ ಮೇಲೋಗರಕ್ಕೂ ಕಂದು ಈರುಳ್ಳಿಯೇ ಬೇಕೆಂದಿಲ್ಲ. ತಿಳಿ ಬಣ್ಣದ, ಹಾಲಿನ ಕೆನೆ ಅಥವಾ ಮೊಸರು ಬೆರೆಯುವ ಮೇಲೋಗರಕ್ಕೆ ಪಾರದರ್ಶಕವಾದರೆ ಸಾಕು. ಗಾಢವಾದ, ಖಾರವಾದ ಗ್ರೇವಿಗೆ ಕಂದು ಬಣ್ಣವೇ ಬುನಾದಿ. ಯಾವುದಾದರೂ ಸರಿ, ಒಂದೇ ಗಾತ್ರಕ್ಕೆ ಹೆಚ್ಚಿಕೊಳ್ಳಬೇಕು, ಏಕೆಂದರೆ ಸಣ್ಣ ಚೂರು ಸೀಯುವ ಹೊತ್ತಿಗೆ ದೊಡ್ಡದು ಇನ್ನೂ ಬೇಯುತ್ತಿರುತ್ತದೆ. ಆರಂಭದಲ್ಲೇ ಒಂದು ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಹೊರಬಂದು ಈರುಳ್ಳಿ ಬೇಗ ಮೆತ್ತಗಾಗುತ್ತದೆ. ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಈರುಳ್ಳಿ ಮುದ್ದೆಯಾಗುತ್ತದೆ; ಆ ದಾರಿ ನನಗೆ ಹಿಡಿಸಿಲ್ಲ.

ಇಲ್ಲಿ ಕಿವಿಗೆ ಕೆಲಸ ಕೊಡಿ. ಮೊದಲು ಬರುವ ‘ಸುಯ್’ ಎನ್ನುವ ತುಂಬು ಸದ್ದು ನೀರು ಆವಿಯಾಗುತ್ತಿರುವ ಸದ್ದು. ಕ್ರಮೇಣ ಅದು ಕ್ಷೀಣಿಸಿ, ಬಿಡಿಬಿಡಿಯಾದ ಸಣ್ಣ ಪಟಪಟ ಶಬ್ದವಾಗುತ್ತದೆ. ನೀರು ಮುಗಿಯಿತು, ಇನ್ನು ಬಣ್ಣ ವೇಗವಾಗಿ ಬದಲಾಗುತ್ತದೆ ಎಂಬುದಕ್ಕೆ ಅದೇ ಸೂಚನೆ. ಅಲ್ಲಿಯವರೆಗೆ ಎರಡು ನಿಮಿಷಕ್ಕೊಮ್ಮೆ ಮಗುಚಿದರೆ ಸಾಕಿತ್ತು. ಅಲ್ಲಿಂದಾಚೆಗೆ ಒಲೆಯನ್ನು ಬಿಟ್ಟು ಕದಲುವಂತಿಲ್ಲ. ತಳಕ್ಕೆ ಕಂದು ಪದರ ಅಂಟತೊಡಗಿದರೆ ಗಾಬರಿಯಾಗಬೇಕಿಲ್ಲ. ಒಂದೆರಡು ಚಮಚ ಬಿಸಿನೀರು ಚಿಮುಕಿಸಿ ಸಟ್ಟುಗದಿಂದ ಕೆರೆದರೆ ಅದು ಕರಗಿ ಈರುಳ್ಳಿಗೇ ಸೇರುತ್ತದೆ; ಆ ಪದರ ಇಡೀ ಮೇಲೋಗರದ ಬಣ್ಣಕ್ಕೂ ರುಚಿಗೂ ಸಲ್ಲುತ್ತದೆ. ಅದು ಕಪ್ಪಾಗಿದ್ದರೆ ಮಾತ್ರ ಕೆರೆಯದೆ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಶುಂಠಿ ಮತ್ತು ಬೆಳ್ಳುಳ್ಳಿ

ಈರುಳ್ಳಿ ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಹಿಂದಿರುವಾಗಲೇ ಇವನ್ನು ಹಾಕಬೇಕು. ಬೆಳ್ಳುಳ್ಳಿ ಎಷ್ಟು ಸಣ್ಣಗಿರುತ್ತದೋ ಅಷ್ಟು ಬೇಗ ಸೀಯುತ್ತದೆ, ಅರೆದದ್ದಾದರೆ ತಳ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡದೆ ಕೈಯಾಡಿಸಿದರೆ ಕಣ್ಣು ಕುಟುಕುವಂಥ ಹಸಿ ವಾಸನೆ ಹೋಗಿ ಸಿಹಿಯಾದ ವಾಸನೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಪುಡಿಗಳು

ಹೆಚ್ಚಿನ ಅಡುಗೆ ಕೆಡುವುದು ಇಲ್ಲಿ. ಈರುಳ್ಳಿಗೆ ಇಪ್ಪತ್ತು ನಿಮಿಷ ಬೇಕಾದರೆ ಮೆಣಸಿನಪುಡಿಗೆ ಇಪ್ಪತ್ತು ಸೆಕೆಂಡು ಬೇಕು. ಕಾದ ಎಣ್ಣೆಯ ಮೇಲೆ ನೇರವಾಗಿ ಉದುರಿಸಿದರೆ ಅದಕ್ಕಿಂತಲೂ ಬೇಗ ಕಪ್ಪಾಗುತ್ತದೆ. ಪುಡಿಯ ಕಣ ಸಣ್ಣದು, ಅದರಲ್ಲಿ ಕಾಯ್ದುಕೊಳ್ಳುವ ತೇವ ಇರುವುದಿಲ್ಲ, ಮೆಣಸಿನಕಾಯಿಯಲ್ಲಿ ಸಕ್ಕರೆಯ ಅಂಶವೂ ಇದೆ. ಸೀದ ಮೆಣಸಿನಪುಡಿಯ ಘಾಟು ಮನೆಯವರನ್ನೆಲ್ಲ ಕೆಮ್ಮಿಸುವುದಲ್ಲದೆ ಮೇಲೋಗರಕ್ಕೆ ಕಹಿಯನ್ನೂ ಮಂಕಾದ ಕಂದು ಬಣ್ಣವನ್ನೂ ಕೊಡುತ್ತದೆ.

ಇದನ್ನು ತಪ್ಪಿಸಲು ನಾನು ಬಹುಕಾಲದಿಂದ ಅನುಸರಿಸುತ್ತಿರುವ ಕ್ರಮ ಸರಳವಾಗಿದೆ. ಅರಿಶಿನ, ಮೆಣಸಿನಪುಡಿ, ಕೊತ್ತಂಬರಿ ಪುಡಿ, ಜೀರಿಗೆ ಪುಡಿ ಇವನ್ನೆಲ್ಲ ಬಟ್ಟಲಿನಲ್ಲಿ ಬೆರೆಸಿ, ಮೂರು–ನಾಲ್ಕು ದೊಡ್ಡ ಚಮಚ ನೀರು ಹಾಕಿ, ಗಂಟಿಲ್ಲದಂತೆ ಕಲಸಿ ಐದು ನಿಮಿಷ ಇಡುವುದು. ಉರಿ ತಗ್ಗಿಸಿ ಈ ಕಲಸಿದ ಮಸಾಲೆಯನ್ನು ಬಾಣಲೆಗೆ ಹಾಕಿದರೆ, ನೀರು ಇರುವವರೆಗೆ ಪುಡಿ ಸೀಯಲಾರದು. ನೀರು ಆರುವ ಹೊತ್ತಿಗೆ ಅದು ಎಣ್ಣೆಯೊಂದಿಗೆ ಹದವಾಗಿ ಬೆರೆತಿರುತ್ತದೆ. ಎರಡು–ಮೂರು ನಿಮಿಷ ಮಗುಚುತ್ತಿದ್ದಂತೆ ಬಾಣಲೆಯ ಅಂಚಿನಲ್ಲಿ ಎಣ್ಣೆ ಕೆಂಪಗೆ ಕಾಣಿಸಿಕೊಳ್ಳುತ್ತದೆ. ಮೆಣಸಿನಕಾಯಿಯ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು. ಎಣ್ಣೆ ಕೆಂಪಾಗಿ ಹೊಳೆಯುತ್ತಿದ್ದರೆ ಪುಡಿ ತನ್ನ ಸತ್ವವನ್ನು ಬಿಟ್ಟುಕೊಟ್ಟಿದೆ ಎಂದು ಅರ್ಥ.

ಪುಡಿಯನ್ನು ಒಣದಾಗಿಯೇ ಹಾಕಬೇಕೆನ್ನುವವರು ಕೊನೆಯ ಪಕ್ಷ ಬಾಣಲೆಯನ್ನು ಒಲೆಯಿಂದ ಇಳಿಸಿ, ಒಮ್ಮೆ ಕೈಯಾಡಿಸಿ ಬಿಸಿ ತಗ್ಗಿದ ಮೇಲೆ ಹಾಕಲಿ. ಟೊಮೆಟೊ ಕೈಯಲ್ಲಿ ಸಿದ್ಧವಾಗಿರಲಿ. ಗರಂ ಮಸಾಲೆ ಈ ಗುಂಪಿನದಲ್ಲ. ಅದರ ನವಿರಾದ ಪರಿಮಳ ದೀರ್ಘ ಕಾಲದ ಬಿಸಿಯಲ್ಲಿ ಹಾರಿಹೋಗುವುದರಿಂದ, ಒಲೆ ಆರಿಸುವ ಒಂದೆರಡು ನಿಮಿಷ ಮೊದಲು ಅದನ್ನು ಹಾಕಿ ಮುಚ್ಚಿಡಬೇಕು. ಮೊದಲೇ ಹುರಿದು ಪುಡಿ ಮಾಡಿಟ್ಟ ಮಸಾಲೆಯೂ ಹಾಗೆಯೇ, ಅದನ್ನು ಎಣ್ಣೆಯಲ್ಲಿ ಮತ್ತೆ ಬಹಳ ಹೊತ್ತು ಹುರಿಯುವ ಅಗತ್ಯವಿಲ್ಲ.

ಐದನೆಯ ಹೆಜ್ಜೆ: ಟೊಮೆಟೊ, ಮತ್ತು ಎಣ್ಣೆ ಬಿಡುವುದು

ಟೊಮೆಟೊ ಬಿದ್ದೊಡನೆ ಬಾಣಲೆಗೆ ಮತ್ತೆ ನೀರು ಬರುತ್ತದೆ, ಬಿಸಿ ಇಳಿಯುತ್ತದೆ, ಸೀಯುವ ಅಪಾಯ ಸದ್ಯಕ್ಕೆ ತಪ್ಪುತ್ತದೆ. ಹಾಗಾಗಿ ಪುಡಿ ಸೀಯುವಂತೆ ಕಂಡರೆ ಮೊದಲು ಟೊಮೆಟೊ ಹಾಕಿಬಿಡಿ. ಈಗ ಆ ನೀರನ್ನು ಮತ್ತೊಮ್ಮೆ ಕಳೆಯಬೇಕು. ಹದವಾದ ಉರಿಯಲ್ಲಿ ಎಂಟು–ಹತ್ತು ನಿಮಿಷ, ಟೊಮೆಟೊ ಕರಗಿ ಗೊಜ್ಜಿನಂತಾಗಿ, ದೊಡ್ಡ ಗುಳ್ಳೆಗಳು ಸಣ್ಣ ಗುಳ್ಳೆಗಳಾಗಿ, ಮಸಾಲೆ ಒಟ್ಟುಗೂಡುವವರೆಗೆ ಬಾಡಿಸಬೇಕು.

‘ಎಣ್ಣೆ ಬಿಡುವವರೆಗೆ ಬಾಡಿಸಿ’ ಎಂಬ ಮಾತಿನ ಅರ್ಥವಿದು. ನೀರು ಇರುವಾಗ ಎಣ್ಣೆ ಸಣ್ಣ ಹನಿಗಳಾಗಿ ಅದರೊಂದಿಗೆ ಬೆರೆತು ನಿಂತಿರುತ್ತದೆ. ನೀರು ಆವಿಯಾದಂತೆ ಆ ಹನಿಗಳು ಒಂದುಗೂಡಿ ಅಂಚಿನಲ್ಲಿ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಎಣ್ಣೆ ಕಡಿಮೆ ಹಾಕಿದವರಿಗೆ ಈ ಸೂಚನೆ ಎಷ್ಟು ಕಾದರೂ ಕಾಣದಿರಬಹುದು. ಅಂಥವರು ಸಟ್ಟುಗದಿಂದ ಬಾಣಲೆಯ ನಡುವೆ ಒಂದು ಗೆರೆ ಎಳೆದು ನೋಡಲಿ. ಮಸಾಲೆ ಕೂಡಲೇ ಹರಿದು ಗೆರೆ ಮುಚ್ಚಿಕೊಂಡರೆ ಇನ್ನೂ ನೀರಿದೆ. ತಳ ಒಂದೆರಡು ಕ್ಷಣ ಹಾಗೆಯೇ ಕಾಣುತ್ತಿದ್ದರೆ ಹದವಾಗಿದೆ. ವಾಸನೆ ನೋಡಿದರೆ ಟೊಮೆಟೊದ ಹಸಿ ಹುಳಿಯಾಗಲಿ, ಅರಿಶಿನದ ಮಣ್ಣಿನ ವಾಸನೆಯಾಗಲಿ ಪ್ರತ್ಯೇಕವಾಗಿ ಮೂಗಿಗೆ ಸಿಗಬಾರದು.

ಟೊಮೆಟೊ ಬದಲು ಮೊಸರು ಹಾಕುವುದಾದರೆ ಅದನ್ನು ಚೆನ್ನಾಗಿ ಕಡೆದು, ಉರಿ ತೀರಾ ಸಣ್ಣ ಮಾಡಿ, ಒಂದೊಂದೇ ಚಮಚ ಸೇರಿಸುತ್ತಾ ಕೈಯಾಡಿಸಬೇಕು. ಒಮ್ಮೆಗೇ ಸುರಿದರೆ ಒಡೆದುಹೋಗುತ್ತದೆ. ಹಸಿಯಾಗಿ ರುಬ್ಬಿದ ಮಸಾಲೆಗೂ ಇದೇ ಲೆಕ್ಕ. ರುಬ್ಬುವಾಗ ಎಷ್ಟು ನೀರು ಹಾಕಿರುತ್ತೇವೋ ಅಷ್ಟನ್ನೂ ಬಾಣಲೆಯಲ್ಲಿ ಕಳೆಯಬೇಕಾಗುವುದರಿಂದ, ಮಿಕ್ಸಿ ತಿರುಗುವಷ್ಟೇ ನೀರು ಹಾಕುವುದು ಜಾಣತನ.

ಹದ ಬಂದ ಮೇಲೆ ತರಕಾರಿಯನ್ನೋ ಕಾಳನ್ನೋ ಮಾಂಸವನ್ನೋ ಹಾಕಿ, ಮಸಾಲೆ ಮೆತ್ತಿಕೊಳ್ಳುವಂತೆ ಎರಡು ನಿಮಿಷ ತಿರುಗಿಸಿ, ಆಮೇಲಷ್ಟೇ ಬಿಸಿನೀರು ಸೇರಿಸಬೇಕು. ತಣ್ಣೀರು ಸುರಿದರೆ ಬಾಣಲೆಯ ಬಿಸಿ ಒಮ್ಮೆಗೇ ಇಳಿದು, ಮತ್ತೆ ಕುದಿ ಬರಲು ಕಾಯುತ್ತಾ ಕೂರಬೇಕು. ಕುಕ್ಕರಿನಲ್ಲಿ ಮಾಡುವವರು ಮೇಲಿನ ಹೆಜ್ಜೆಗಳನ್ನೆಲ್ಲ ಮುಚ್ಚಳ ಹಾಕುವ ಮೊದಲೇ ಮುಗಿಸಿರಬೇಕು. ಮುಚ್ಚಿದ ಕುಕ್ಕರಿನೊಳಗೆ ಬಿಸಿ ಸುಮಾರು 120 ಡಿಗ್ರಿಗೆ ಏರಿದರೂ ಅಲ್ಲಿ ಎಲ್ಲವೂ ನೀರು ಮತ್ತು ಆವಿಯ ನಡುವೆ ಇರುವುದರಿಂದ ಹುರಿಯುವ ಕೆಲಸ ನಡೆಯುವುದಿಲ್ಲ.

ಎಣ್ಣೆಯಿಲ್ಲದೆ ಹುರಿಯುವಾಗ

ಪುಡಿ ಮಾಡುವುದಕ್ಕೆಂದು ಒಣದಾಗಿ ಹುರಿಯುವಾಗ ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯುವ ತಾಳ್ಮೆ ಬೇಕು. ಕೊತ್ತಂಬರಿ ಬೀಜಕ್ಕೆ ಸಣ್ಣ ಉರಿಯಲ್ಲಿ ಮೂರು–ನಾಲ್ಕು ನಿಮಿಷ ಹಿಡಿದರೆ ಜೀರಿಗೆಗೆ ಅದರ ಅರ್ಧ ಸಾಕು. ಎಳ್ಳು ಸಿಡಿಯತೊಡಗಿದರೆ ಮುಗಿಯಿತು. ಒಟ್ಟಿಗೆ ಹಾಕಿದರೆ ಯಾವುದೋ ಒಂದು ಹಸಿ, ಯಾವುದೋ ಒಂದು ಕಪ್ಪು. ಒಲೆ ಆರಿಸಿದರೂ ಬಾಣಲೆಯ ಬಿಸಿ ಹುರಿಯುತ್ತಲೇ ಇರುವುದರಿಂದ, ಹದಕ್ಕೆ ಸ್ವಲ್ಪ ಮುಂಚೆಯೇ ತಟ್ಟೆಗೆ ಸುರಿದುಬಿಡಬೇಕು. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಬೇಕು. ಬಿಸಿಯಿದ್ದಾಗ ಮಾಡಿದರೆ ಆವಿಗೆ ತೇವಗೊಂಡು ಪುಡಿ ಗಂಟುಗಟ್ಟುತ್ತದೆ. ಒಣಮೆಣಸಿನಕಾಯಿಯನ್ನು ಎಲ್ಲಕ್ಕಿಂತ ಕೊನೆಗೆ, ಕಿಟಕಿ ತೆರೆದಿಟ್ಟುಕೊಂಡು ಹುರಿಯಿರಿ. ಹಳತಾಗಿ ಪರಿಮಳವನ್ನೇ ಕಳೆದುಕೊಂಡ ಕಾಳಿಗೆ ಹುರಿಯುವುದರಿಂದ ಜೀವ ಬರುವುದಿಲ್ಲ. ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಏನೂ ಬಾರದಿದ್ದರೆ ಹೊಸದನ್ನು ತನ್ನಿ. ಒಲೆಯ ಪಕ್ಕದಲ್ಲೇ ಡಬ್ಬಿಗಳನ್ನಿಟ್ಟರೆ ಆ ಸ್ಥಿತಿ ಬೇಗ ಬರುತ್ತದೆ.

ತಪ್ಪಿದಾಗ

ಮಸಾಲೆ ಹಸಿಯಾಗಿ ಉಳಿದಿರುವುದು ನೀರು ಹಾಕಿದ ಮೇಲೆ ತಿಳಿದರೆ, ಒಂದು ಸಣ್ಣ ಸೌಟಿನಲ್ಲಿ ಎಣ್ಣೆ ಅಥವಾ ತುಪ್ಪ ಕಾಯಿಸಿ, ಜೀರಿಗೆ ಮತ್ತು ಚಿಟಿಕೆ ಮೆಣಸಿನಪುಡಿಯ ಒಗ್ಗರಣೆಯನ್ನು ಮೇಲೆ ಸುರಿದು, ಮುಚ್ಚಳ ತೆರೆದು ಇನ್ನಷ್ಟು ಹೊತ್ತು ಕುದಿಸಬಹುದು. ಪೂರ್ತಿ ಸರಿಯಾಗದಿದ್ದರೂ ತಿನ್ನುವಂತಾಗುತ್ತದೆ. ಸೀದುಹೋಗಿದ್ದರೆ ಮಾತ್ರ ಉಪಾಯವಿಲ್ಲ. ಒಂದು ಚಮಚ ಸಾಸಿವೆ, ಮೂರು ಚಮಚ ಎಣ್ಣೆ ದಂಡವಾದರೂ ಸರಿ, ಚೆಲ್ಲಿ ಬಾಣಲೆ ತೊಳೆದು ಮೊದಲಿನಿಂದ ಆರಂಭಿಸಬೇಕು. ಅದರ ಮೇಲೆ ಈರುಳ್ಳಿ, ಟೊಮೆಟೊ, ತರಕಾರಿ ಸುರಿಯುತ್ತಾ ಹೋದರೆ ದಂಡವಾಗುವುದು ಅವೂ ಕೂಡ. ಎಣ್ಣೆ ಹೊಗೆಯಾಡತೊಡಗಿದರೆ ಒಲೆ ಆರಿಸಿ. ಎಣ್ಣೆಗೇ ಬೆಂಕಿ ಹತ್ತಿದರೆ ಎಂದಿಗೂ ನೀರು ಸುರಿಯಬಾರದು. ಒಲೆ ಆರಿಸಿ, ಬಿಗಿಯಾದ ಮುಚ್ಚಳ ಮುಚ್ಚಿ, ಪಾತ್ರೆಯನ್ನು ಎತ್ತದೆ ಹಾಗೆಯೇ ತಣಿಯಲು ಬಿಡಬೇಕು.

ನೆಂಟರು ಬಂದಾಗ ಎಲ್ಲವನ್ನೂ ಎರಡು ಪಟ್ಟು ಮಾಡಿ ಅದೇ ಬಾಣಲೆಗೆ ತುಂಬುವವರಿಗೆ ಇನ್ನೊಂದು ಮಾತು. ಆರು ಈರುಳ್ಳಿಯ ನೀರು ಮೂರರ ನೀರಿಗಿಂತ ಬಹಳ ನಿಧಾನವಾಗಿ ಹೋಗುತ್ತದೆ, ಏಕೆಂದರೆ ಪದರದ ಮೇಲೆ ಪದರ ಕುಳಿತು ಕೆಳಗಿನ ಆವಿಗೆ ದಾರಿಯಿರುವುದಿಲ್ಲ. ಇನ್ನೂ ಅಗಲವಾದ ಪಾತ್ರೆಯಿದ್ದರೆ ಅದನ್ನು ತೆಗೆದುಕೊಳ್ಳಿ, ಇಲ್ಲವಾದರೆ ಈರುಳ್ಳಿಯನ್ನು ಎರಡು ಕಂತಿನಲ್ಲಿ ಹುರಿದು, ಪುಡಿ ಹಾಕುವ ಹೊತ್ತಿಗೆ ಒಂದುಗೂಡಿಸಿಕೊಳ್ಳಿ.